ವೈದ್ಯನಾಗಲಿರುವವನ ಕಣ್ಣೀರಿಗೆ ಹೊಣೆ ಯಾರು?



ಗಂಗಾವತಿಯಿಂದ ಸಿಂಧನೂರಿನ ಕಡೆಗೆ ಪಯಣಿಸುವವರಿಗೆ ಕಾರಟಗಿ ಬಂತೆಂಬುದು ಮೂಗಿನಿಂದಲೇ ತಿಳಿಯುತ್ತದೆ. ಬೇಯಿಸಿದ ಭತ್ತದ ವಾಸನೆ, ಗಾಳಿಯಲ್ಲಿ ತೇಲುವ ಹೊಟ್ಟಿನ ಧೂಳು, ಅಕ್ಕಿ ಗಿರಣಿಗಳ ಮುಂದೆ ಸಾಲುಗಟ್ಟಿ ನಿಂತ ಲಾರಿಗಳು. ತುಂಗಭದ್ರೆಯ ಎಡದಂಡೆ ಕಾಲುವೆ ಈ ಸೀಮೆಯ ಬದುಕನ್ನೇ ಬದಲಿಸಿತು. ಒಂದು ಕಾಲಕ್ಕೆ ಗಂಗಾವತಿ ತಾಲ್ಲೂಕಿನ ಹೋಬಳಿಯಾಗಿದ್ದ ಊರು ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ಈ ಊರಿನ ಒಂದು ಮನೆಯ ಸಂಗತಿಯನ್ನು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ನಿಮ್ಮ ಮುಂದಿಡುತ್ತಿದ್ದೇನೆ. ಅದನ್ನು ಹೇಳಲು ಆ ಮನೆಯವರ ಅನುಮತಿಯಿದೆ. ಹೇಳಲೇಬೇಕಾದ ಕಾರಣವೂ ಇದೆ: ಅದರಲ್ಲಿ ನನ್ನದೊಂದು ತಪ್ಪಿದೆ.

ಆ ಮನೆಯ ತಂದೆ ಗಿರಣಿಯೊಂದರಲ್ಲಿ ಹಮಾಲಿ ಮಾಡಿದವರು. ಅನಂತರ ಅಲ್ಲಿಯೇ ತೂಕದ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದವರು. ಎರಡು ಎಕರೆ ಭತ್ತದ ಗದ್ದೆ, ಅದರ ಮೇಲೆ ಸಾಲ. ಮಗ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ. ಪಿಯುಸಿ ಮುಗಿಸಿ, ಒಂದು ವರ್ಷ ಕೋಚಿಂಗ್‌ಗೆ ಹೋಗಿ, ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಪಡೆದ. ಆ ದಿನ ಓಣಿಗೆಲ್ಲ ಪೇಢೆ ಹಂಚಲಾಯಿತು. ಮೂರು ದಿನಗಳಲ್ಲಿ ಬಸ್ ನಿಲ್ದಾಣದ ಬಳಿ ಅವನ ಭಾವಚಿತ್ರವಿದ್ದ ದೊಡ್ಡ ಫ್ಲೆಕ್ಸ್ ತಲೆಯೆತ್ತಿತು. ಅಂದಿನಿಂದ ಅವನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಎಲ್ಲರ ಬಾಯಲ್ಲೂ ಅವನು 'ಡಾಕ್ಟರ್'.

ಒಂದೂವರೆ ವರ್ಷದ ನಂತರ ದೀಪಾವಳಿ ರಜೆಗೆಂದು ಬಂದ ಹುಡುಗ ಮರಳಿ ಹೋಗಲು ಒಲ್ಲೆನೆಂದ. ಹೊಟ್ಟೆನೋವು ಎಂದ, ತಲೆನೋವು ಎಂದ. ರಾತ್ರಿಯಿಡೀ ಎಚ್ಚರ, ಹಗಲೆಲ್ಲ ಹಾಸಿಗೆ. ತಂದೆ ಅವನನ್ನು ನನ್ನ ಬಳಿಗೆ ಕರೆತಂದರು. "ಫಾದರ್, ನಾವು ಹೇಳಿದ್ದು ಅಂವ ಕೇಳವಲ್ಲ. ನೀವರ ಒಂದು ಮಾತು ಹೇಳ್ರಿ" ಎಂದರು.

ನಾನು ಒಂದಲ್ಲ, ನೂರು ಮಾತು ಹೇಳಿದೆ. ತಂದೆಯ ಬೆನ್ನ ಮೇಲೆ ಹೊತ್ತ ಮೂಟೆಗಳನ್ನು ನೆನಪಿಸಿದೆ. ತಾಯಿ ಅಡವಿಟ್ಟ ಒಡವೆಯನ್ನು ನೆನಪಿಸಿದೆ. ದೇವರು ಕೊಟ್ಟ ಪ್ರತಿಭೆಯನ್ನು ಹೂತಿಡಬಾರದೆಂದು ಬೋಧಿಸಿದೆ. ಧೈರ್ಯದಿಂದಿರು, ಪ್ರಾರ್ಥಿಸು ಎಂದೆ. ಅವನು ತಲೆತಗ್ಗಿಸಿ ಕೇಳಿ, "ಆತ್ರಿ ಫಾದರ್" ಎಂದಷ್ಟೇ ಹೇಳಿದ. ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ನಾನು ಅಂದು ಊಟಕ್ಕೆ ಕುಳಿತೆ. ಮೂರು ವಾರ ಕಳೆಯುವಷ್ಟರಲ್ಲಿ ಅವನ ತಾಯಿಯ ದೂರವಾಣಿ ಕರೆ ಬಂತು. ಹುಡುಗ ಅನ್ನ ನೀರು ಬಿಟ್ಟಿದ್ದ. ಬದುಕಿದ್ದು ಏನು ಮಾಡಲಿ ಎಂದು ತಂಗಿಯ ಮುಂದೆ ಅಂದಿದ್ದ. ದೇವರ ದಯೆಯಿಂದ ಆ ತಂಗಿ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಅಂದೇ ಅವನನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಲಾಯಿತು.

ಚೇತರಿಸಿಕೊಂಡ ಎಷ್ಟೋ ತಿಂಗಳ ಮೇಲೆ ಅವನೇ ನನಗೆ ಹೇಳಿದ ಮಾತಿದು: "ಫಾದರ್, ಅವತ್ತು ನೀವು ಹೇಳಿದ್ದೆಲ್ಲಾ ಖರೇನ ಇತ್ತು. ಅದಕ್ಕ ನನಗ ಇನ್ನೂ ಭಾರ ಆತು."

ಮೂವತ್ತು ವರ್ಷಗಳ ಗುರುಜೀವನದಲ್ಲಿ ನನ್ನ ಬೋಧನೆಯ ಬಗ್ಗೆ ಇಷ್ಟು ನೇರವಾದ ವಿಮರ್ಶೆಯನ್ನು ನಾನು ಕೇಳಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಕೋಪಿಸಿಕೊಂಡಿರಲೂ ಇಲ್ಲ. ಆದರೂ ಮುಳುಗುತ್ತಿದ್ದವನ ಕೊರಳಿಗೆ ಇನ್ನೊಂದು ಕಲ್ಲನ್ನು ಕಟ್ಟಿದ್ದೆ. ಆದುದರಿಂದಲೇ ಈ ಪ್ರಶ್ನೆಯನ್ನು ನಿಮ್ಮೊಡನೆ ಸೇರಿ ಕೇಳಿಕೊಳ್ಳಬೇಕೆನಿಸಿದೆ: ಇತರರನ್ನು ಗುಣಪಡಿಸುವ ವಿದ್ಯೆಯನ್ನು ಕಲಿಯಹೊರಟ ಯುವಕ ಯುವತಿಯರು ಆ ಕಲಿಕೆಯ ದಾರಿಯಲ್ಲಿಯೇ ಮನಸ್ಸು ಕುಸಿದು ಬಿದ್ದರೆ, ಅದು ಅವರ ದೌರ್ಬಲ್ಯವೇ? ನಂಬಿಕೆಯ ಕೊರತೆಯೇ? ಅಥವಾ ಅವರ ಸುತ್ತ ನಿಂತಿರುವ ನಮಗೂ ಅದರಲ್ಲಿ ಪಾಲಿದೆಯೇ?

ಇದು ಒಬ್ಬ ಹುಡುಗನ ಕಥೆಯಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗವು ನೇಮಿಸಿದ ಕಾರ್ಯಪಡೆಯೊಂದು 2024ರಲ್ಲಿ ತನ್ನ ವರದಿಯನ್ನು ನೀಡಿತು. ಅದರ ಅಧ್ಯಕ್ಷರು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪ್ರಾಧ್ಯಾಪಕ ಡಾ. ಸುರೇಶ್ ಬಡಾ ಮಠ್. 25,590 ಎಂಬಿಬಿಎಸ್ ವಿದ್ಯಾರ್ಥಿಗಳೂ 5,337 ಸ್ನಾತಕೋತ್ತರ ವಿದ್ಯಾರ್ಥಿಗಳೂ ಆ ಸಮೀಕ್ಷೆಗೆ ಉತ್ತರಿಸಿದ್ದರು. ತಮಗೆ ಮಾನಸಿಕ ಕಾಯಿಲೆ ಇರುವುದಾಗಿ ಹೇಳಿಕೊಂಡ ಎಂಬಿಬಿಎಸ್ ವಿದ್ಯಾರ್ಥಿಗಳು ಶೇಕಡಾ 27.8. ಬದುಕನ್ನು ಕೊನೆಗಾಣಿಸುವ ಆಲೋಚನೆ ತಮಗೆ ಬಂದಿತ್ತೆಂದವರು ಶೇಕಡಾ 16.2, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಅದು ಶೇಕಡಾ 31.2. ಎಂದರೆ, ರಾತ್ರಿ ಪಾಳಿಯಲ್ಲಿ ನಮ್ಮ ತಾಯಿಯ ನಾಡಿ ಹಿಡಿದು ನೋಡುವ ಮೂವರು ಕಿರಿಯ ವೈದ್ಯರಲ್ಲಿ ಒಬ್ಬರ ಮನಸ್ಸಿನಲ್ಲಿ ಆ ಕತ್ತಲೆ ಒಮ್ಮೆಯಾದರೂ ಸುಳಿದು ಹೋಗಿದೆ. 2018ರಿಂದ 2022ರವರೆಗಿನ ಐದು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರೆಂದು ಅದೇ ಆಯೋಗದ ದಾಖಲೆಗಳು ತಿಳಿಸಿದ್ದವು.

ಇದು ಭಾರತಕ್ಕೆ ಮಾತ್ರ ಅಂಟಿದ ಪಿಡುಗೂ ಅಲ್ಲ. 2016ರಲ್ಲಿ ಅಮೆರಿಕದ 'ಜಾಮಾ' ವೈದ್ಯಪತ್ರಿಕೆಯಲ್ಲಿ 43 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೇಖನವೊಂದು ಪ್ರಕಟವಾಯಿತು. ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಶೇಕಡಾ 27ರಷ್ಟು ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡುಬಂದಿದ್ದವು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಖ್ಯೆ: ಹಾಗೆ ಲಕ್ಷಣಗಳು ಕಂಡವರಲ್ಲಿ ಚಿಕಿತ್ಸೆಯನ್ನು ಅರಸಿದವರು ಶೇಕಡಾ 16ರಷ್ಟು ಮಾತ್ರ. ಔಷಧದ ಅಂಗಡಿಯಲ್ಲಿಯೇ ಕುಳಿತವರು ಔಷಧವನ್ನು ಮುಟ್ಟಲು ಹೆದರುತ್ತಿದ್ದಾರೆ. ಏಕೆ?

ಮೊದಲು ಆ ಮಕ್ಕಳು ಯಾವ ದಾರಿಯಲ್ಲಿ ನಡೆದು ಅಲ್ಲಿಗೆ ಮುಟ್ಟುತ್ತಾರೆಂಬುದನ್ನು ನೋಡಿ. 2024ರಲ್ಲಿ ನೀಟ್ ಪರೀಕ್ಷೆಗೆ ಕುಳಿತವರು 23 ಲಕ್ಷಕ್ಕೂ ಹೆಚ್ಚು. ಇಡೀ ದೇಶದಲ್ಲಿ ಆಗ ಇದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ನಮ್ಮ ಭಾಗದ ಮಕ್ಕಳಿಗೆ ಬಾಗಿಲು ಈಗ ಮೊದಲಿಗಿಂತ ಅಗಲವಾಗಿದೆ ಎಂಬುದು ನಿಜ. ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜಿದೆ. ರಾಯಚೂರಿನಲ್ಲಿ 2007ರಲ್ಲಿ, ಕೊಪ್ಪಳದಲ್ಲಿ 2015ರಲ್ಲಿ ಸರ್ಕಾರಿ ಕಾಲೇಜುಗಳು ತೆರೆದವು. ಸಂವಿಧಾನದ 371 (ಜೆ) ವಿಧಿಯ ಫಲವಾಗಿ 2013ರಿಂದ ಈ ಭಾಗದ ಕಾಲೇಜುಗಳಲ್ಲಿ ಶೇಕಡಾ 70ರಷ್ಟು ಸೀಟುಗಳು ಇಲ್ಲಿಯ ಮಕ್ಕಳಿಗೇ ಮೀಸಲಾಗಿವೆ. ಇದು ನ್ಯಾಯವಾದದ್ದೇ, ಶತಮಾನಗಳಿಂದ ಹಿಂದುಳಿದ ಸೀಮೆಗೆ ಸಲ್ಲಬೇಕಾದದ್ದೇ. ಆದರೆ ಬಾಗಿಲು ತೆರೆದವರು ಒಳಗೆ ಹೋದ ಮಗುವಿನ ಕೈ ಹಿಡಿದು ನಡೆಸುವ ಏರ್ಪಾಡನ್ನೂ ಮಾಡಬೇಕಲ್ಲವೇ?

ಒಳಗೆ ಕಾಲಿಟ್ಟ ಕಾರಟಗಿಯ ಹುಡುಗನಿಗೆ ಮೊದಲು ಎದುರಾಗುವುದು ಇಂಗ್ಲಿಷು. ಪಿಯುಸಿಯ ಎರಡು ವರ್ಷಗಳಲ್ಲಿ ಬಾಯಿಪಾಠದಿಂದ ದಾಟಿಬಂದ ಆ ಭಾಷೆ ಇಲ್ಲಿ ಅಂಗರಚನಾಶಾಸ್ತ್ರದ ಸಾವಿರಾರು ಲ್ಯಾಟಿನ್ ಮೂಲದ ಹೆಸರುಗಳೊಡನೆ ಮೈಮೇಲೆ ಬೀಳುತ್ತದೆ. ಶಾಲೆಯಲ್ಲಿ ಸದಾ ಮೊದಲಿಗನಾಗಿದ್ದವನು ಇಲ್ಲಿ ಮೊದಲಿಗರಾಗಿದ್ದ ನೂರೈವತ್ತು ಮಂದಿಯ ನಡುವೆ ಕುಳಿತಿದ್ದಾನೆ. ಮೊದಲ ಕಿರುಪರೀಕ್ಷೆಯಲ್ಲಿಯೇ ಅನುತ್ತೀರ್ಣನಾದಾಗ ಅವನಿಗೆ ಅಂಕ ಹೋಯಿತೆನಿಸುವುದಿಲ್ಲ. ತಾನು ಯಾರೆಂಬುದೇ ಹೋಯಿತೆನಿಸುತ್ತದೆ. ಮೊದಲ ವರ್ಷದ ವಿಶ್ವವಿದ್ಯಾಲಯ ಪರೀಕ್ಷೆಗೆ ನಾಲ್ಕೇ ಅವಕಾಶಗಳು, ಅಷ್ಟರಲ್ಲಿ ತೇರ್ಗಡೆಯಾಗದಿದ್ದರೆ ವ್ಯಾಸಂಗ ಅಲ್ಲಿಗೇ ನಿಂತಿತು ಎಂಬ ನಿಯಮವಿದೆ. ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಇಂಗ್ಲಿಷ್ ಮಾತು ಹೊರಡದೆ ನಿಂತವನನ್ನು ಕಂಡು ನಕ್ಕ ಒಂದು ನಗು ಎಷ್ಟು ವರ್ಷ ಕಿವಿಯಲ್ಲಿ ಉಳಿಯುತ್ತದೆಂಬುದನ್ನು ಆ ನಗೆ ನಕ್ಕವರು ಬಲ್ಲರೇ?

ಅದರ ಜೊತೆಗೆ ಹದಿನೆಂಟರ ವಯಸ್ಸಿನಲ್ಲಿ ಶವಛೇದನದ ಕೊಠಡಿ. ಮುಂದೆ ವಾರ್ಡುಗಳಲ್ಲಿ ಮೊದಲ ಸಾವು. ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಮರಣವಾದರೆ ನಾವು ರಾತ್ರಿಯಿಡೀ ಕೂರುತ್ತೇವೆ, ಜಪಸರ ಹೇಳುತ್ತೇವೆ, ಏಳನೆಯ ದಿನ ಮತ್ತೆ ಸೇರುತ್ತೇವೆ. ಆಸ್ಪತ್ರೆಯಲ್ಲಿ ಬೆಳಗಿನ ಜಾವ ಒಂದು ಮಗು ಕಣ್ಣು ಮುಚ್ಚಿದರೆ, ಅದರ ಬಳಿ ನಿಂತಿದ್ದ ಇಪ್ಪತ್ತಮೂರರ ತರುಣಿ ಕಾಗದಗಳಿಗೆ ಸಹಿ ಹಾಕಿ, ಮುಖ ತೊಳೆದು, ಪಕ್ಕದ ಹಾಸಿಗೆಗೆ ಹೋಗಬೇಕು. ಅವಳ ಶೋಕಕ್ಕೆ ಯಾವ ದಿನವೂ ಗೊತ್ತಾಗಿಲ್ಲ.

ದುಡಿತದ ವೇಳೆಯ ಬಗ್ಗೆಯೂ ಒಂದು ಮಾತು. ನಿವಾಸಿ ವೈದ್ಯರು ಸಾಮಾನ್ಯವಾಗಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ಸತತವಾಗಿ ದುಡಿಯಬಾರದು, ವಾರಕ್ಕೊಂದು ಬಿಡುವು ಇರಬೇಕು ಎಂದು ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದು 1992ರಲ್ಲಿ. ಮೂವತ್ತೆರಡು ವರ್ಷಗಳ ನಂತರ ಮೇಲೆ ಹೇಳಿದ ಕಾರ್ಯಪಡೆಯು ವಾರಕ್ಕೆ 74 ಗಂಟೆಗಳಿಗಿಂತ ಹೆಚ್ಚು ದುಡಿಸಬೇಡಿ, ವಾರಕ್ಕೊಂದು ದಿನ ಬಿಡುವು ಕೊಡಿ, ಏಳೆಂಟು ಗಂಟೆ ನಿದ್ರಿಸಲು ಬಿಡಿ ಎಂದು ಮತ್ತೆ ಕೇಳಬೇಕಾಯಿತು! ಲಾರಿ ಚಾಲಕ ನಿದ್ದೆಗೆಟ್ಟು ಗಾಡಿ ಓಡಿಸಿದರೆ ಅಪರಾಧವೆನ್ನುವ ನಾವು, ಮೂವತ್ತಾರು ಗಂಟೆ ಕಣ್ಣು ಮುಚ್ಚದ ವೈದ್ಯನ ಕೈಗೆ ರೋಗಿಯನ್ನು ಒಪ್ಪಿಸಿ ಅದನ್ನು ಸೇವೆಯೆಂದು ಕರೆಯುತ್ತೇವೆ.

ಇಲ್ಲಿ ನಿಮ್ಮಲ್ಲಿ ಕೆಲವು ಹಿರಿಯರು ತಲೆಯಾಡಿಸುತ್ತಿರುವುದು ನನಗೆ ಕಾಣುತ್ತಿದೆ. "ನಾವು ಬೀದಿದೀಪದ ಕೆಳಗೆ ಓದಿದವರು, ಹಸಿದು ಓದಿದವರು, ನಮಗೇಕೆ ಈ ಖಿನ್ನತೆ ಬರಲಿಲ್ಲ? ಈಗಿನವರು ಮೆತ್ತಗಾಗಿದ್ದಾರೆ." ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ವೈದ್ಯವಿದ್ಯೆ ಕಠಿಣವಾಗಿಯೇ ಇರಬೇಕು. ಅರೆಬರೆ ಕಲಿತ ವೈದ್ಯನ ಕೈಯಲ್ಲಿ ಸಾಯುವುದು ಬಡವರ ಮಕ್ಕಳೇ. ಪರೀಕ್ಷೆಯ ಹಿಂದಿನ ರಾತ್ರಿಯ ನಡುಕವೆಲ್ಲ ಕಾಯಿಲೆಯಲ್ಲ. ಮನೆಯ ನೆನಪಿನ ಅಳುವೆಲ್ಲ ಖಿನ್ನತೆಯಲ್ಲ. ಆದರೆ ಎರಡು ಭೇದಗಳನ್ನು ಮಾಡಲೇಬೇಕು. ಒಂದು, ಕಷ್ಟಕ್ಕೂ ಅವಮಾನಕ್ಕೂ ಇರುವ ಭೇದ. ಅಂಗರಚನಾಶಾಸ್ತ್ರ ಕಷ್ಟವಾಗಿರುವುದು ಪಠ್ಯದಲ್ಲಿದೆ. ಹುಟ್ಟಿದ ಜಾತಿಯನ್ನು, ಬಂದ ಹಳ್ಳಿಯನ್ನು, ಆಡುವ ಕನ್ನಡವನ್ನು ಹಂಗಿಸುವುದು ಯಾವ ಪಠ್ಯದಲ್ಲೂ ಇಲ್ಲ. ಇನ್ನೊಂದು, ದುಃಖಕ್ಕೂ ಕಾಯಿಲೆಗೂ ಇರುವ ಭೇದ. ಎರಡು ವಾರಗಳಿಗೂ ಮೀರಿ ದಿನದ ಬಹುಭಾಗ ಮನಸ್ಸು ಮಂಕಾಗಿದ್ದು, ಹಿಂದೆ ಇಷ್ಟವಾಗಿದ್ದ ಯಾವುದೂ ರುಚಿಸದೆ, ನಿದ್ದೆ ಊಟ ಏರುಪೇರಾಗಿ, ತಾನು ಯಾತಕ್ಕೂ ಬಾರದವನೆಂಬ ಭಾವ ಬಲವಾದರೆ ಅದನ್ನು ವೈದ್ಯರಿಗೆ ತೋರಿಸಬೇಕು. ಇನ್ನು ಆ ಕಾಲದಲ್ಲಿ ಯಾರಿಗೂ ಖಿನ್ನತೆ ಬರಲಿಲ್ಲವೆಂಬ ಮಾತು. ಬಂದಿತ್ತು, ಓದುಗರೇ. ಅದಕ್ಕೆ ಹೆಸರಿರಲಿಲ್ಲ. ಓದು ಬಿಟ್ಟು ಊರಿಗೆ ಬಂದು, ಕಟ್ಟೆಯ ಮೇಲೆ ಮಾತಿಲ್ಲದೆ ಕುಳಿತು ಮುದುಕರಾದ ಒಬ್ಬಿಬ್ಬರು ನಿಮ್ಮ ಊರಿನಲ್ಲೂ ಇದ್ದರಲ್ಲವೇ? ನೆನಪಿಸಿಕೊಳ್ಳಿ.

ಈಗ ಚಿಕಿತ್ಸೆಗೆ ಹೆದರುವುದೇಕೆ ಎಂಬ ಪ್ರಶ್ನೆಗೆ ಮರಳೋಣ. ಇದಕ್ಕೆ ಆ ಹುಡುಗ ಕೊಟ್ಟ ಉತ್ತರ ಸರಳವಾಗಿತ್ತು. ಅವನ ಕಾಲೇಜಿನಲ್ಲಿ ಮನೋವೈದ್ಯ ವಿಭಾಗವಿತ್ತು; ಆದರೆ ಅಲ್ಲಿ ಕುಳಿತವರು ನಾಳೆ ಅವನಿಗೆ ಪಾಠ ಹೇಳುವವರು, ಪರೀಕ್ಷೆ ಮಾಡುವವರು. ಹೊರರೋಗಿಗಳ ಸಾಲಿನಲ್ಲಿ ನಿಂತರೆ ನೋಡುವವರು ಅವನ ಸಹಪಾಠಿಗಳೇ. "ಹುಚ್ಚರ ಡಾಕ್ಟರ್ ಹತ್ರ ಹೋಗಿದ್ದ" ಎಂಬ ಸುದ್ದಿ ಸಂಜೆಯೊಳಗೆ ಹಾಸ್ಟೆಲಿಗೆ ಮುಟ್ಟುತ್ತದೆ. ಅಲ್ಲಿ ಬಾಯಿ ತೆರೆಯುವುದಾದರೂ ಹೇಗೆ?

ಈ ಮಾತು ಕೇಳಿದಾಗ ನನಗೆ ನನ್ನ ಗುರುಮಠದ ದಿನಗಳು ನೆನಪಾದವು. ಅಲ್ಲಿಯೂ ದೀರ್ಘವಾದ ತರಬೇತಿ, ಅಲ್ಲಿಯೂ ಊರಿನವರ ನಿರೀಕ್ಷೆಯ ಭಾರ, ಅಲ್ಲಿಯೂ "ಹೊರಬಂದವನು" ಎಂಬ ಹೆಸರಿನ ಭಯ. ಆದರೆ ಧರ್ಮಸಭೆ ತನ್ನ ಅನುಭವದಿಂದ ಒಂದು ಜಾಣತನವನ್ನು ಕಲಿತಿತ್ತು. ಗುರುಮಠದಲ್ಲಿ ನಮ್ಮ ಶಿಸ್ತನ್ನೂ ಓದನ್ನೂ ಅಳೆಯುವವರು ಬೇರೆ; ನಮ್ಮ ಅಂತರಂಗವನ್ನು ಕೇಳುವ ಆಧ್ಯಾತ್ಮಿಕ ಮಾರ್ಗದರ್ಶಿ ಬೇರೆ. ಒಬ್ಬನಿಗೆ ಗುರುದೀಕ್ಷೆ ಕೊಡಬೇಕೋ ಬೇಡವೋ, ಅವನನ್ನು ಮನೆಗೆ ಕಳುಹಿಸಬೇಕೋ ಎಂಬ ತೀರ್ಮಾನದಲ್ಲಿ ಆ ಮಾರ್ಗದರ್ಶಿಯ ಅಥವಾ ಪಾಪನಿವೇದನೆ ಕೇಳಿದ ಗುರುವಿನ ಅಭಿಪ್ರಾಯವನ್ನು ಎಂದಿಗೂ ಕೇಳಕೂಡದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 240ನೆಯ ವಿಧಿ ನಿಷೇಧಿಸಿದೆ. ಆ ಒಂದು ಗೋಡೆ ಇದ್ದುದರಿಂದಲೇ ನಾನು ನನ್ನ ಮೂರನೆಯ ವರ್ಷದಲ್ಲಿ, ಇಲ್ಲಿ ಉಳಿಯಲಾರೆನೆಂದು ಅನ್ನಿಸಿದ್ದ ಕೆಲವು ತಿಂಗಳುಗಳಲ್ಲಿ, ಒಬ್ಬ ವೃದ್ಧ ಗುರುಗಳ ಮುಂದೆ ಕುಳಿತು ಅಳಲು ಸಾಧ್ಯವಾಯಿತು. ನಮ್ಮ ಗುರುಮಠಗಳಲ್ಲಿ ಎಲ್ಲವೂ ಸರಿಯಿತ್ತೆಂದು ನಾನು ಹೇಳುತ್ತಿಲ್ಲ. ಆ ನಿಯಮವಂತೂ ಸರಿಯಿತ್ತು. ವೈದ್ಯಕೀಯ ಕಾಲೇಜುಗಳಲ್ಲಿಯೂ ಅಂಕ ಕೊಡುವ ಕೈಯಿಂದ ಕಣ್ಣೀರು ಒರೆಸುವ ಕೈಯನ್ನು ಬೇರ್ಪಡಿಸಲು ಹೆಚ್ಚಿನ ಹಣವೇನೂ ಬೇಡ. ಕಾಲೇಜಿಗೆ ಸೇರದ, ಹೊರಗಿನಿಂದ ಬರುವ ಒಬ್ಬ ಸಲಹೆಗಾರ್ತಿ, ಬಾಗಿಲಿಗೆ ನಾಮಫಲಕವಿಲ್ಲದ ಒಂದು ಕೋಣೆ ಸಾಕು. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ರೋಗಿಯ ಗುಟ್ಟನ್ನು ಕಾಯುವುದು ಅವನ ಹಕ್ಕೆಂದು ಹೇಳಿದೆ. ಖಿನ್ನತೆಗೆ ಚಿಕಿತ್ಸೆ ಪಡೆದ ಮಾತ್ರಕ್ಕೆ ಯಾರೂ ವೈದ್ಯರಾಗಲು ಅನರ್ಹರಾಗುವುದಿಲ್ಲ ಎಂಬುದನ್ನು ಪ್ರತಿ ಪೋಷಕರೂ ತಿಳಿದಿರಬೇಕು.

ಎದೆಗುಂದುವುದು ಪಾಪವೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ನಿರಾಶೆಯನ್ನು ದೈವಶಾಸ್ತ್ರ ಪಾಪವೆಂದು ಕರೆದಿರುವುದು ಹೌದು. ಆದರೆ ಅದು ದೇವರ ಕರುಣೆಯನ್ನು ತಿಳಿದೂ ತಿಳಿದೂ ತಿರಸ್ಕರಿಸುವ ಸಂಕಲ್ಪ. ಖಿನ್ನತೆ ಸಂಕಲ್ಪವಲ್ಲ, ಸಂಕಲ್ಪವನ್ನೇ ಕದಿಯುವ ಕಾಯಿಲೆ. ಅರಸರ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನನ್ನು ನೋಡಿರಿ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯವನ್ನು ಗಳಿಸಿದವನು ಮರುಗಳಿಗೆಯಲ್ಲಿ ಪ್ರಾಣಭಯದಿಂದ ಓಡಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾವನ್ನು ಬೇಡುತ್ತಾನೆ. ಆಗ ದೇವದೂತನು ಅವನಿಗೆ ಬೋಧನೆ ಮಾಡಲಿಲ್ಲ. ಕರ್ಮೆಲಿನ ಜಯವನ್ನು ನೆನಪಿಸಲಿಲ್ಲ. ನಿನ್ನನ್ನು ನಂಬಿದ ಜನರ ಗತಿಯೇನೆಂದು ಕೇಳಲಿಲ್ಲ. ಮಲಗಲು ಬಿಟ್ಟನು, ಮೈಮುಟ್ಟಿ ಎಬ್ಬಿಸಿ ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮತ್ತೆ ಮಲಗಲು ಬಿಟ್ಟು ಮತ್ತೊಮ್ಮೆ ಉಣಿಸಿದನು. ಹೋರೇಬ್ ಬೆಟ್ಟದ ದಾರಿಯ ಮಾತು ಬಂದದ್ದು ಅದಾದ ಮೇಲೆ. ಈ ಭಾಗವನ್ನು ನಾನು ಎಷ್ಟು ಸಾರಿ ಬಲಿಪೂಜೆಯಲ್ಲಿ ಓದಿದ್ದೇನೋ! ಆದರೂ ಆ ಹುಡುಗ ನನ್ನ ಮುಂದೆ ಕುಳಿತಾಗ ಅವನು ಊಟ ಮಾಡಿ ಎಷ್ಟು ಹೊತ್ತಾಯಿತೆಂದು ಕೇಳಲು ನನಗೆ ತೋಚಲಿಲ್ಲ.

ವೈದ್ಯನು ತನ್ನನ್ನೇ ಗುಣಪಡಿಸಿಕೊಳ್ಳಲೆಂಬ ಗಾದೆಯೂ ಶುಭಸಂದೇಶದಲ್ಲಿದೆ. ಅದನ್ನು ಜನ ಉಪದೇಶದಂತೆ ಬಳಸುತ್ತಾರೆ. ಲೂಕನ ನಾಲ್ಕನೆಯ ಅಧ್ಯಾಯವನ್ನು ತೆರೆದು ನೋಡಿದರೆ, ಅದು ನಜರೇತಿನವರು ತಮಗೆ ಹೇಳಬಹುದಾದ ಚುಚ್ಚುಮಾತೆಂದು ಯೇಸುವೇ ಎತ್ತಿ ಆಡಿದ್ದು. ಗೆತ್ಸೆಮನಿಯಲ್ಲಿಯಾದರೋ ಪ್ರಭುವು ತಮ್ಮ ಮನದ ಸಂಕಟವನ್ನು ಮುಚ್ಚಿಡಲಿಲ್ಲ. ಶಿಷ್ಯರಿಗೆ ಅದನ್ನು ಬಾಯಿಬಿಟ್ಟು ಹೇಳಿ, ಜೊತೆಯಲ್ಲಿ ಎಚ್ಚರವಾಗಿರುವಂತೆ ಬೇಡಿಕೊಂಡರು. ಅವರು ನಿದ್ದೆಹೋದರು.

ತಮ್ಮ ಮಕ್ಕಳನ್ನು ಹೀಗೆ ಕಳೆದುಕೊಂಡ ಕುಟುಂಬಗಳೂ ಈ ಪತ್ರಿಕೆಯನ್ನು ಓದುತ್ತವೆ ಎಂಬುದು ನನಗೆ ಗೊತ್ತು. ಅವರಿಗಾಗಿ ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. 1917ರ ಹಳೆಯ ಕಾನೂನು ಸಂಹಿತೆ ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರ ಸಂಹಿತೆಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. ತೀವ್ರವಾದ ಮನೋವ್ಯಾಧಿಯೂ ಸಂಕಟವೂ ಭಯವೂ ಮನುಷ್ಯನ ಹೊಣೆಯನ್ನು ತಗ್ಗಿಸುತ್ತವೆಂದೂ, ಅಂಥವರ ರಕ್ಷಣೆಯ ಬಗ್ಗೆ ನಾವು ಆಶೆ ಬಿಡಬಾರದೆಂದೂ 1992ರ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ನಾಡಿನ ಕಾನೂನು ಕೂಡ 2018ರಲ್ಲಿ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದಾಗಿನಿಂದ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದೇ ಭಾವಿಸಬೇಕೆನ್ನುತ್ತದೆ. ನಿಮ್ಮ ಮಗು ಅಥವಾ ನಿಮ್ಮ ಮನೆತನ ಶಾಪಗ್ರಸ್ತವೆಂದು ಯಾರಾದರೂ ಹೇಳಿದ್ದರೆ, ಹಾಗೆ ಹೇಳಿದವರು ಗುರುಗಳೇ ಆಗಿದ್ದರೂ, ಅವರು ಧರ್ಮಸಭೆಯ ಮಾತನ್ನು ಆಡಲಿಲ್ಲ.

ಇನ್ನು ತಂದೆತಾಯಂದಿರಾದ ನಿಮ್ಮೊಡನೆ. ನಿಮ್ಮ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಪ್ರೀತಿ ಯಾವಾಗ ಸಾಲವಾಗುತ್ತದೆ ಎಂಬುದನ್ನು ನಾವು ಯೋಚಿಸುವುದೇ ಇಲ್ಲ. "ನಿನಗಾಗಿ ಹೊಲ ಮಾರಿದೆ" ಎಂಬ ಮಾತು ಮನೆಯಲ್ಲಿ ನೂರು ಸಾರಿ ಕೇಳಿದ ಮಗು ಆ ಹೊಲವನ್ನು ಬೆನ್ನಮೇಲೆ ಹೊತ್ತು ತರಗತಿಗೆ ಹೋಗುತ್ತದೆ. ಅದು ಅನುತ್ತೀರ್ಣವಾದ ದಿನ ಒಂದು ವಿಷಯದಲ್ಲಿ ಸೋಲುವುದಿಲ್ಲ. ನಿಮಗೆ ಮೋಸ ಮಾಡಿದೆನೆಂದು ನಂಬುತ್ತದೆ. ವೈದ್ಯನಾಗುವ ಆಸೆ ಯಾರದೆಂದು ಎಷ್ಟು ಮನೆಗಳಲ್ಲಿ ಕೇಳಿದ್ದಾರೆ? ನಮ್ಮ ಧರ್ಮಕೇಂದ್ರಗಳ ಕಡೆಗೂ ಬೆರಳು ತೋರಿಸಬೇಕು. ನೀಟ್‌ನಲ್ಲಿ ಗೆದ್ದವರನ್ನು ಬಲಿಪೂಜೆಯ ನಂತರ ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಗೆಲ್ಲದ ಮಗು ಅದೇ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿರುತ್ತದೆ. ಗೆದ್ದವನು ಮರುವರ್ಷ ಕುಸಿದಾಗ ಆ ಶಾಲು ಅವನ ಉಸಿರುಕಟ್ಟಿಸುತ್ತದೆ. ನಾನೂ ಅನೇಕರಿಗೆ ಅಂಥ ಶಾಲು ಹೊದಿಸಿದ್ದೇನೆ.

ಬಿಟ್ಟು ಬರುವುದು ಸೋಲೇ? ಕೆಲವೊಮ್ಮೆ ಅದು ವಿವೇಕ. ಕೆಲವೊಮ್ಮೆ ಅಲ್ಲ; ಕಾಯಿಲೆ ವಾಸಿಯಾದ ಮೇಲೆ ಅದೇ ಓದು ಹಿತವಾಗುವುದೂ ಉಂಟು. ಆದುದರಿಂದ ಕಾಯಿಲೆಯ ನಡುವೆ ಅಂಥ ತೀರ್ಮಾನ ಬೇಡವೆಂದು ಮನೋವೈದ್ಯರು ಹೇಳುತ್ತಾರೆ. ಆದರೆ ಹೊರಬರುವ ಬಾಗಿಲು ತೆರೆದಿದೆ ಎಂಬ ಅರಿವೇ ಒಳಗಿರುವವನಿಗೆ ಉಸಿರು. ಸ್ನಾತಕೋತ್ತರ ಸೀಟು ಬಿಟ್ಟರೆ ಲಕ್ಷಾಂತರ ರೂಪಾಯಿ ದಂಡ ಕಟ್ಟಬೇಕೆಂಬ ಕರಾರನ್ನು ಕೈಬಿಡುವಂತೆ ವೈದ್ಯಕೀಯ ಆಯೋಗ 2024ರ ಜನವರಿಯಲ್ಲಿ ರಾಜ್ಯಗಳನ್ನು ಕೇಳಿಕೊಂಡಿತು. ಮನೆಗಳಲ್ಲಿಯೂ ಅಂಥ ಕರಾರುಗಳಿವೆ, ಬರವಣಿಗೆಯಲ್ಲಿಲ್ಲ ಅಷ್ಟೇ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದದ್ದನ್ನು ನೀವು ಮರೆತಿಲ್ಲ. ಸುಮಾರು ಎಪ್ಪತ್ತು ವರ್ಷ ನೀರಿನ ಭಾರವನ್ನು ತಡೆದ ಗೇಟು ಅದು. ಅಂದು ಕಾರಟಗಿಯ ರೈತರು ನಿದ್ದೆ ಮಾಡಲಿಲ್ಲ. ಆಗ ಅಭಿಯಂತರರು ಮೊದಲು ಮಾಡಿದ್ದೇನು? ಉಳಿದ ಗೇಟುಗಳನ್ನು ತೆರೆದು ನೀರನ್ನು ಹರಿಯಬಿಟ್ಟರು. ಬೆಳೆಯ ನೀರು ನದಿಗೆ ಹೋಗುತ್ತದೆಂದು ಎಲ್ಲರಿಗೂ ಹೊಟ್ಟೆಯುರಿಯಿತು, ನಿಜ. ಆದರೆ ಭಾರವನ್ನು ಇಳಿಸದೆ ರಿಪೇರಿಗೆ ಕೈಹಾಕುವಂತಿರಲಿಲ್ಲ. ಕಡಿದುಹೋದ ಸರಪಳಿಗೆ ಯಾರೂ ಧೈರ್ಯದ ಉಪದೇಶ ಮಾಡಲಿಲ್ಲ.

ನೆರವು ಎಲ್ಲಿದೆ ಎಂದು ಕೇಳುವಿರಾದರೆ, ಅದು ನಮ್ಮ ಅಂಗಳದಲ್ಲಿಯೇ ಇದೆ. ಮನೋರೋಗದ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗಳಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತರಬಹುದೆಂದು ನಿಮ್ಹಾನ್ಸ್ ಸಂಸ್ಥೆ 1985ರಿಂದ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದು 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. ಅದನ್ನು ಆಧರಿಸಿಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಡೀ ಭಾರತಕ್ಕೆ ದಾರಿ ತೋರಿಸಿದ ಸೀಮೆಯವರಾದ ನಾವೇ ಇನ್ನೂ ತಾಯಿತ ಕಟ್ಟಿಸುತ್ತೇವೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತೇವೆ! 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಔಷಧಿ ಬರೆದುಕೊಟ್ಟರೆ ಅದು ಫಲ ಕೊಡಲು ಕೆಲವು ವಾರಗಳೇ ಬೇಕು. ನಾಲ್ಕು ದಿನ ನುಂಗಿ ಬಿಡಬೇಡಿ. ಸಾವಿನ ಮಾತು ಆಡಿದ ಮಗುವನ್ನು ಒಂಟಿಯಾಗಿ ಬಿಡಬೇಡಿ, "ಹಾಗೆಲ್ಲ ಅನ್ನಬಾರದು" ಎಂದು ಬಾಯಿ ಮುಚ್ಚಿಸಬೇಡಿ. ಆ ತಂಗಿಯಂತೆ ಮಾಡಿ, ಗುಟ್ಟನ್ನು ಒಡೆಯಿರಿ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನೂ ಔಷಧಿಯನ್ನೂ ದೇವರೇ ಕೊಟ್ಟಿರುವನೆಂದು ಹೇಳುವಾಗ ಮನಸ್ಸಿನ ವೈದ್ಯನನ್ನು ಹೊರತುಪಡಿಸಿಲ್ಲ.

ಆ ಹುಡುಗ ಒಂದು ವರ್ಷ ತಡವಾಗಿ ಕಾಲೇಜಿಗೆ ಮರಳಿದ. ಈಗ ಅವನು ಮೂರನೆಯ ವರ್ಷದಲ್ಲಿದ್ದಾನೆ. ಮಾತ್ರೆ ಇನ್ನೂ ಇದೆ. ಒಮ್ಮೊಮ್ಮೆ ಆ ಮಂಕು ಮರಳಿ ಬರುತ್ತದೆ, ಆಗ ವೈದ್ಯರ ಬಳಿಗೆ ಹೋಗುತ್ತಾನೆ. ವೈದ್ಯನಾಗುವನೋ ಇಲ್ಲವೋ ನನಗೆ ತಿಳಿಯದು. ಕಳೆದ ತಿಂಗಳು ಅವರ ಮನೆಗೆ ಹೋಗಿದ್ದಾಗ ಅವನ ತಂದೆ ಪಡಸಾಲೆಯಲ್ಲಿ ಫೋನು ಹಿಡಿದು ಕುಳಿತಿದ್ದರು. ಹಿಂದೆ ಪ್ರತಿ ಭಾನುವಾರ ಅವರು ಮೊದಲು ಕೇಳುತ್ತಿದ್ದುದು, "ಟೆಸ್ಟಿನ್ಯಾಗ ಎಷ್ಟ್ ಬಂದಾವು?" ಎಂದು. ನನ್ನನ್ನು ನೋಡಿ ಕೈಸನ್ನೆಯಿಂದ ಕುಳ್ಳಿರೆಂದರು, ಮಾತು ನಿಲ್ಲಿಸಲಿಲ್ಲ. "ಉಂಡಿಯೇನೋ? ರಾತ್ರಿ ನಿದ್ದಿ ಬಂತೇನು?" ಎಂದು ಕೇಳುತ್ತಿದ್ದರು. ಆ ಕಡೆಯಿಂದ ಉತ್ತರ ಬರಲು ತುಸು ಹೊತ್ತಾಯಿತು. ಅವರು ಅವಸರಿಸದೆ ಕಾದರು.